ಮಾರ್ಕ್ 1 ಲೋಟಸ್ ಕಾರ್ಟಿನಾ, 1964: ಹಿಂದಿನ ಆಕ್ಸಲ್‌ನಿಂದ ಎಣ್ಣೆ, 5900 ದಾಟಿದರೆ ಎಂಜಿನ್ ಮೊಂಡು

ಹಸಿರುಪಟ್ಟಿ

ಹಿಂದೆ ಕಾಯಿಲ್ ಸ್ಪ್ರಿಂಗ್, ಎ-ಬ್ರ್ಯಾಕೆಟ್ (ಹಿಂದಿನ ಆಕ್ಸಲನ್ನು ಹಿಡಿದಿಡುವ ‘ಎ’ ಆಕಾರದ ತೋಳು) ಇರುವ ಮೊದಲ ಬಗೆಯ ಕಾರು. ಬಾಡಿ, ಬಣ್ಣ, ವೈರಿಂಗ್ ಮುಗಿದಿದೆ, ಈಗ ಹಳೆಯ ಕಾರುಗಳ ರೇಸಿಗಾಗಿ ಟ್ರ್ಯಾಕ್ ಪರೀಕ್ಷೆ. ಎಂಜಿನ್ 1558 ಸಿಸಿ, ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ಮೂಲದವೇ, ಎರಡು ವೆಬರ್ 40 ಡಿಸಿಒಇ ಕಾರ್ಬುರೇಟರ್. ಮೂರು ತೊಂದರೆ ಉಳಿದಿವೆ.

ಒಂದು, 20 ನಿಮಿಷ ಜೋರಾಗಿ ಓಡಿಸಿದರೆ ಡಿಫ್ (ಎರಡೂ ಹಿಂಚಕ್ರಕ್ಕೆ ಬಲ ಹಂಚುವ ಗೇರ್ ಜೋಡಣೆ) ಕೂರುವ ಮುಖದ ಕೆಳ ಅರ್ಧ ಎಣ್ಣೆಯಲ್ಲಿ ನೆನೆದಿರುತ್ತದೆ. ಅದು ನೇರ ಎ-ಬ್ರ್ಯಾಕೆಟ್‌ನ ಬುಷ್ (ಕೀಲಿನ ರಬ್ಬರ್ ಒಳಪದರ) ಮೇಲೆ ಇಳಿಯುತ್ತದೆ. ಬುಷ್ ಎರಡು ಸಲ ಬದಲಾಯಿತು. ಪ್ರತಿ ಓಟದ ನಂತರ ಕೆಳಗಿನ ಮೂರ್ನಾಲ್ಕು ನಟ್ ಕಾಲು ಸುತ್ತು ಸಡಿಲ. ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂಭಾಗ ತಾನಾಗಿಯೇ ಒಂದು ಕಡೆಗೆ ಸರಿಯುತ್ತದೆ.

ಎರಡು, ಟ್ಯಾಕೋದಲ್ಲಿ (ಎಂಜಿನ್ ವೇಗದ ಮೀಟರ್) 5900 ಆರ್‌ಪಿಎಮ್ ಬಂದ ಕೂಡಲೇ ಎಂಜಿನ್ ಪಟಪಟ ಅಂದು ಮುಂದೆ ಏರದೆ ನಿಲ್ಲುತ್ತದೆ, ಎಲ್ಲ ಗೇರ್‌ನಲ್ಲೂ ಅಷ್ಟಕ್ಕೇ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಎರಡು ಹಂತ ದೊಡ್ಡದು ಮಾಡಿದರೂ ವ್ಯತ್ಯಾಸವಿಲ್ಲ.

ಮೂರು, ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನಿಂದ ಎಂಜಿನ್ ತಣ್ಣಗಿದ್ದಾಗ ಹನಿ ಬೀಳುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ.

ಎ-ಬ್ರ್ಯಾಕೆಟ್ ಕಿತ್ತು ಲೀಫ್ ಸ್ಪ್ರಿಂಗ್ (ಕಮಾನು ಪಟ್ಟಿ) ಹಾಕಿಬಿಡುವುದೇ ವಾಸಿಯೇ? ಪಂಪಿಗಾಗಿ ಎಂಜಿನ್ ಇಳಿಸಲೇಬೇಕೇ?

ಅರ್ಧಇಂಚು_ಸ್ಪ್ಯಾನರ್

ಆಕ್ಸಲ್ ವಿಷಯ ಮೊದಲು. ಬುಷ್ ಬದಲಿಸುತ್ತಾ ಕೂತರೆ ಮುಗಿಯುವ ಕತೆಯಲ್ಲ ಇದು. ಈ ಕಾರಿನಲ್ಲಿ ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವುದು ಎ-ಬ್ರ್ಯಾಕೆಟ್‌ನ ತುದಿ ಒಂದೇ, ಅದೂ ಆಕ್ಸಲ್‌ನ ಹೊರಕವಚವಾದ ಕೇಸಿಂಗ್‌ನ ತಳದಲ್ಲಿ. ತಿರುವಿನ ಭಾರವೆಲ್ಲ ಆ ಒಂದು ಬಿಂದುವಿಗೆ ಬರುತ್ತದೆ. ಸಾಲದ್ದಕ್ಕೆ ಆಕ್ಸಿಲರೇಟರ್ ಒತ್ತಿದಾಗ, ಬ್ರೇಕ್ ಹಿಡಿದಾಗ ಆಕ್ಸಲ್ ಸುತ್ತಿಕೊಳ್ಳಲು ನೋಡುವ ಬಲವೂ ಅಲ್ಲೇ ಎಳೆದಾಡುತ್ತದೆ. ಬ್ಯಾಂಜೊ ಕೇಸಿಂಗ್ ನಡುವೆ ದೊಡ್ಡ ತೂತಿರುವ ಉಕ್ಕಿನ ಡಬ್ಬ, ಅದು ಉಸಿರಾಡಿದ ಹಾಗೆ ಬಾಗುತ್ತದೆ. ಬಾಗಿದಾಗ ಡಿಫ್ ಮುಖದ ನಟ್ ಸಡಿಲ, ಸಡಿಲವಾದಲ್ಲಿ ಎಣ್ಣೆ, ಎಣ್ಣೆ ಕುಡಿದ ರಬ್ಬರ್ ಬುಷ್ ಮೆತ್ತಗೆ, ಮೆತ್ತಗಾದ ಬುಷ್‌ನಿಂದ ಆಕ್ಸಲ್ ಇನ್ನಷ್ಟು ಕುಣಿತ. ಕಾಲು ತೆಗೆದಾಗ ಹಿಂಭಾಗ ಸರಿಯುವುದು ಇದೇ ಚಕ್ರದ ಕೊನೆಯ ಕೊಂಡಿ.

ಬಿಚ್ಚುವ ಮೊದಲು ಆಕ್ಸಲ್‌ನ ಗಾಳಿದಾರಿ ನೋಡಿ. ಪೇಂಟ್ ಅಥವಾ ಪೌಡರ್ ಕೋಟಿಂಗ್ ಮಾಡಿಸಿದ ಆಕ್ಸಲ್‌ನಲ್ಲಿ ಅದು ಮುಚ್ಚಿರುವುದು ತೀರಾ ಸಾಮಾನ್ಯ. ಬಿಸಿಯಾದ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಆದರೂ ಸೋರುತ್ತದೆ. ಎಣ್ಣೆ ಮಟ್ಟ ಫಿಲ್ಲರ್ ತೂತಿನ ಕೆಳ ಅಂಚಿಗೆ ಸರಿಯಾಗಿ ಇರಲಿ, ರೇಸಿಗೆಂದು ಹೆಚ್ಚು ಹುಯ್ಯಬೇಡಿ.

ಆಮೇಲೆ ಡಿಫ್ ಹೊರತೆಗೆದು ಕೇಸಿಂಗ್ ಮುಖದ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ. ಅಡ್ಡ, ಉದ್ದ, ಎರಡೂ ಕರ್ಣ. 0.1 ಮಿ.ಮೀ. ಗೇಜ್ ನುಸುಳಿದರೆ ಮುಖ ಮೆಷಿನ್ ಆಗಬೇಕು. ಮೊದಲ ಕಾರುಗಳ ಡಿಫ್ ಹೌಸಿಂಗ್ ಅಲ್ಯೂಮಿನಿಯಂ. ಬಿಸಿಗೆ ಅದು ಉಕ್ಕಿಗಿಂತ ಹೆಚ್ಚೂಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಹಿಗ್ಗಿ ನಟ್ ಕೆಳಗೆ ಜಜ್ಜಿಕೊಳ್ಳುತ್ತದೆ, ತಣ್ಣಗಾದಾಗ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ನಟ್ ಕೆಳಗೆ ದಪ್ಪನೆಯ ಗಟ್ಟಿ ಉಕ್ಕಿನ ವಾಷರ್ ಬೇಕು, ಸ್ಪ್ರಿಂಗ್ ವಾಷರ್ ಬೇಡ, ಅದು ಅಲ್ಯೂಮಿನಿಯಂ ಕೆರೆಯುತ್ತದೆ. ಬಿಗಿತ ಪರೀಕ್ಷಿಸುವುದು ಯಾವಾಗಲೂ ತಣ್ಣಗಿದ್ದಾಗ. ಪ್ಯಾಕಿಂಗ್ ತೆಳು ಕಾಗದದ್ದು, ಎರಡೂ ಕಡೆ ಗಟ್ಟಿಯಾಗದ ಸೀಲಿಂಗ್ ಪೇಸ್ಟ್‌ನ ತೆಳು ಲೇಪ. ಸಿಲಿಕೋನನ್ನು ಗಾರೆ ಮೆತ್ತಿದ ಹಾಗೆ ಮೆತ್ತಿದರೆ ಅದು ಹಿಂಡಿಹೋಗಿ ನಟ್ ಮತ್ತೆ ಸಡಿಲ.

ಮುಖ್ಯವಾದದ್ದು ಕೇಸಿಂಗ್ ಬಲಪಡಿಸುವುದು. ಎ-ಬ್ರ್ಯಾಕೆಟ್ ಕಿವಿ ಇರುವ ತಳಭಾಗದಿಂದ ಎರಡೂ ಕೊಳವೆಗಳವರೆಗೆ ಪ್ಲೇಟ್ ಬೆಸುಗೆ ಹಾಕಿದರೆ ಬಾಗುವುದು ತಗ್ಗುತ್ತದೆ. ಎಣ್ಣೆ ತಡೆಯುವ ಪಾಲಿಯುರೆಥೇನ್ ಬುಷ್ ಹಾಕುವುದು ಅದರ ನಂತರ. ಅನೇಕರು ಉಲ್ಟಾ ಮಾಡುತ್ತಾರೆ. ಗಟ್ಟಿ ಬುಷ್ ಹೊಡೆತವನ್ನು ನುಂಗುವುದಿಲ್ಲ, ಪೂರ್ತಿ ಕೇಸಿಂಗ್‌ಗೆ ದಾಟಿಸುತ್ತದೆ, ಬಲಪಡಿಸದ ಕೇಸಿಂಗ್ ಇನ್ನೂ ಬೇಗ ಬಾಗುತ್ತದೆ. ಬೆಸುಗೆ ಹಾಗೂ ಬುಷ್ ಎರಡನ್ನೂ ಮೊದಲೇ ರೇಸಿನ ತಾಂತ್ರಿಕ ಪರಿಶೀಲಕರ ಮುಂದಿಟ್ಟು ಒಪ್ಪಿಗೆ ಪಡೆದುಕೊಳ್ಳಿ.

ಕಮಾನುಪಟ್ಟಿ

ಇಷ್ಟೆಲ್ಲ ಪಾಡು ಯಾಕೆ? 1965ರಲ್ಲಿ ಕಾರ್ಖಾನೆಯವರೇ ಎ-ಬ್ರ್ಯಾಕೆಟ್‌ಗೆ ಕೈಮುಗಿದು ಲೀಫ್ ಸ್ಪ್ರಿಂಗ್ ಮತ್ತು ರೇಡಿಯಸ್ ಆರ್ಮ್ (ಆಕ್ಸಲ್ ಹಿಂದೆಮುಂದೆ ಸರಿಯದಂತೆ ಹಿಡಿಯುವ ತೋಳು) ಹಾಕಿದರು. ಎರಡು ಬಗೆಯೂ ಎಫ್‌ಐಎ ಅಪೆಂಡಿಕ್ಸ್ ಕೆ (ಹಳೆಯ ಕಾರುಗಳ ರೇಸಿನ ಅಂತರರಾಷ್ಟ್ರೀಯ ನಿಯಮ) ಲೆಕ್ಕದಲ್ಲಿ ಅವಧಿ ಎಫ್ ಎಂಬ ಒಂದೇ ಕಾಲವಿಭಾಗದ ಒಳಗೇ ಬರುತ್ತವೆ. ಕಮಾನು ಪಟ್ಟಿ ಹಾಕಿದ ಕಾರಿನಲ್ಲಿ ಕಾಲು ತೆಗೆದರೂ ಹಿಂಭಾಗ ಏನು ಮಾಡುತ್ತದೆ ಎಂದು ಮೊದಲೇ ಊಹಿಸಬಹುದು. ಓಟ ಮುಗಿಸದ ಕಾರು ಎಷ್ಟು ಮೂಲದ್ದಾದರೇನು?

ಅರ್ಧಇಂಚು_ಸ್ಪ್ಯಾನರ್

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮಾತು. ಮೊದಲ ಬಗೆಯ ಬಾಡಿಯಲ್ಲಿ ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಡಿಕ್ಕಿಯೊಳಗಿನ ಬಲಪಡಿಸುವ ಕೊಳವೆಗಳು ಎಲ್ಲವೂ ಕಾಯಿಲ್ ಸ್ಪ್ರಿಂಗ್ ಲೆಕ್ಕಕ್ಕೇ ಇರುವವು. ಉಳಿದಿರುವ ಕಾರುಗಳ ಪೈಕಿ ಲೀಫ್ ಸ್ಪ್ರಿಂಗ್‌ಗೆ ಬದಲಾದವು ಬೇಕಾದಷ್ಟಿವೆ, ಹಾಗೇ ಉಳಿದವೇ ಅಪರೂಪ. ಅವಧಿ ಒಂದೇ ಆದರೂ ಕಾರಿನ ತಾಂತ್ರಿಕ ಪಾಸ್‌ಪೋರ್ಟ್‌ನಲ್ಲಿ (ರೇಸಿಗೆ ಬೇಕಾದ ಕಾರಿನ ವಿವರದ ದಾಖಲೆ) ಬರೆದಿದ್ದಕ್ಕೂ ಕಾರಿನ ಕೆಳಗೆ ಇರುವುದಕ್ಕೂ ತಾಳೆ ಇರಬೇಕು, ಅದನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ. ಲೀಫ್ ಸ್ಪ್ರಿಂಗ್ ಒರಟು ಓಟಕ್ಕೆ ವಾಸಿ ಎನ್ನುವುದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಸುಗೆ ಹಾಕಿದ ಕೇಸಿಂಗ್, ಸಪಾಟಾದ ಮುಖ, ತೆರೆದ ಗಾಳಿದಾರಿ ಇದ್ದರೆ ಎ-ಬ್ರ್ಯಾಕೆಟ್ ಓಟ ಮುಗಿಸುತ್ತದೆ.

ಕಾರ್ಬ್_ಕಿವಿ

5900ಕ್ಕೆ ಜೆಟ್ ಯಾಕೆ ಬದಲಿಸಿದಿರಿ? ಎಲ್ಲ ಗೇರ್‌ನಲ್ಲೂ ಒಂದೇ ಆರ್‌ಪಿಎಮ್‌ಗೆ ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲುವುದು ಪೆಟ್ರೋಲ್ ತೊಂದರೆಯ ಲಕ್ಷಣವಲ್ಲ. ಪೆಟ್ರೋಲ್ ಸಾಲದಿದ್ದರೆ ಮೇಲಿನ ಗೇರ್‌ನಲ್ಲಿ, ಉದ್ದನೆಯ ನೇರ ರಸ್ತೆಯ ಕೊನೆಯಲ್ಲಿ ಮೊದಲು ಗೊತ್ತಾಗುತ್ತದೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ರೋಟರ್ (ಪ್ಲಗ್‌ಗಳಿಗೆ ಕಿಡಿ ಹಂಚುತ್ತಾ ತಿರುಗುವ ತುಂಡು) ನೋಡಿ. ಟ್ವಿನ್ ಕ್ಯಾಮ್‌ಗೆ, ಅಂದರೆ ನಿಮ್ಮ ಈ ಎಂಜಿನ್‌ಗೆ, ಮೂಲದಲ್ಲಿ ಬರುತ್ತಿದ್ದದ್ದು 6500ಕ್ಕೆ ಕಿಡಿ ತಡೆಯುವ ರೋಟರ್. ಅದರ ಮೇಲೆ ಸ್ಪ್ರಿಂಗ್ ಕಟ್ಟಿದ ಸಣ್ಣ ತೂಕ ಇರುತ್ತದೆ. ವೇಗ ಹೆಚ್ಚಾದಾಗ ತೂಕ ಹೊರಕ್ಕೆ ಹಾರಿ ಕಿಡಿಯನ್ನು ಶಾಫ್ಟ್‌ಗೆ ಇಳಿಸಿಬಿಡುತ್ತದೆ. ಹಳೆಯ ಸ್ಪ್ರಿಂಗ್ ಸೊರಗಿದ್ದರೆ 6500 ತನಕ ಕಾಯದೆ ಮೊದಲೇ ತಡೆಯುತ್ತದೆ. ನಿಮ್ಮದು ಅದೇ ಎನ್ನುವುದು ನನ್ನ ಅಂದಾಜು.

ಪರೀಕ್ಷೆ ಹೀಗೆ. ಮೊದಲು ಆರ್‌ಪಿಎಮ್ ತೋರಿಸುವ ಸ್ಟ್ರೋಬ್ ಲೈಟ್ ಇಟ್ಟು ಟ್ಯಾಕೋ ತಾಳೆ ನೋಡಿ, ಈ ವಯಸ್ಸಿನ ಟ್ಯಾಕೋ 200-300 ಸುಳ್ಳು ಹೇಳಿದರೆ ಆಶ್ಚರ್ಯವಿಲ್ಲ. ಆಮೇಲೆ ತೂಕವಿಲ್ಲದ ಸಾದಾ ರೋಟರ್ ಹಾಕಿ 6200 ತನಕ ಒಂದು ಸಲ ಎಳೆದು ಕಾಲು ತೆಗೆಯಿರಿ. ಅಷ್ಟು ಸಾಕು. ತೊಂದರೆ ಮಾಯವಾದರೆ ಹೊಸ 6500ರ ರೋಟರ್ ಹಾಕಿ, ಸಾದಾ ರೋಟರ್ ಅಲ್ಲೇ ಬಿಡಬೇಡಿ. ಎರಕದ ಕ್ರ್ಯಾಂಕ್, ಮೂಲ ರಾಡ್ ಇರುವ ಎಂಜಿನ್‌ಗೆ ಆ ತಡೆ ಸುಮ್ಮನೆ ಇಟ್ಟದ್ದಲ್ಲ. ಗೇರ್ ತಪ್ಪಿ 7000 ದಾಟಿದರೆ ರಾಡ್ ಬ್ಲಾಕ್ ಗೋಡೆಯಲ್ಲಿ ಕಿಟಕಿ ತೆಗೆಯುತ್ತದೆ.

ಇನ್ನೊಂದು. ನೀವು ಕೇಳಿಲ್ಲ, ಆದರೆ ರೋಟರ್ ಸರಿಹೋದ ಮೇಲೆ ಇದು ಬಯಲಾಗಬಹುದು. ಕಾರ್ಬುರೇಟರ್ ಕೂರುವ ನಟ್ ಕೆಳಗೆ ಯಾವ ವಾಷರ್ ಇದೆ? ಅಲ್ಲಿ ಎರಡು ಸುರುಳಿಯ ಥ್ಯಾಕರೆ ವಾಷರ್ ಇರಬೇಕು, ಕಾರ್ಬುರೇಟರ್ ಮತ್ತು ಹೆಡ್ ನಡುವೆ ರಬ್ಬರ್ ಓ-ರಿಂಗ್ ಇರುವ ಪ್ಲೇಟ್. ನಾಲ್ಕು ಸಿಲಿಂಡರ್‌ನ ನಡುಕ ನೇರ ಕಾರ್ಬುರೇಟರ್‌ಗೆ ದಾಟಿದರೆ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಮಜ್ಜಿಗೆ ಕಡೆದ ಹಾಗೆ ನೊರೆಯಾಗುತ್ತದೆ. ನೊರೆಯನ್ನು ಜೆಟ್ ಅಳೆಯಲಾರದು. ನೈಲಾಕ್ ನಟ್ ಹಾಕಿ, ವಾಷರ್ ಸುರುಳಿಗಳ ನಡುವೆ 1 ಮಿ.ಮೀ. ಸಂದು ಉಳಿಯುವಷ್ಟೇ ಬಿಗಿ ಮಾಡಿ. ಕಾರ್ಬುರೇಟರ್ ಹೊರತುದಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಸ್ವಲ್ಪ ಅಲುಗಬೇಕು. ಅಲುಗುತ್ತಿದೆಯಲ್ಲ ಎಂದು ಬಿಗಿ ಮಾಡುವವರೇ ಜಾಸ್ತಿ. ಓ-ರಿಂಗ್ ವಿಟಾನ್ ಎಂಬ ಪೆಟ್ರೋಲ್ ತಡೆಯುವ ರಬ್ಬರಿನದಾಗಿರಲಿ, ಎಥನಾಲ್ ಬೆರೆತ ಪೆಟ್ರೋಲ್‌ಗೆ ಸಾದಾ ರಬ್ಬರ್ ಉಬ್ಬಿ ಹರಿಯುತ್ತದೆ. ಪೆಟ್ರೋಲ್ ಒತ್ತಡ 3 ಪಿಎಸ್‌ಐ ಸುತ್ತಮುತ್ತ ಸಾಕು.

ಎರಡುಕ್ಯಾಮ್

ಪಂಪ್ ವಿಷಯಕ್ಕೆ ಬರೋಣ. ತಣ್ಣಗಿದ್ದಾಗ ಹನಿ, ಬಿಸಿಗೆ ಬಂದ್ ಎಂದರೆ ಸೀಲ್ ಮುಗಿಯುತ್ತಾ ಬಂದಿದೆ. ಫ್ಯಾನ್ ಪುಲ್ಲಿಯನ್ನು ಮೇಲೆ ಕೆಳಗೆ ಅಲುಗಿಸಿ ನೋಡಿ, ಆಟ ಸಿಕ್ಕರೆ ಬೇರಿಂಗೂ ಹೋಗಿದೆ, ಮುಂದಿನ ಓಟಕ್ಕೆ ಹೋಗಬೇಡಿ.

ಈ ಎಂಜಿನ್‌ನ ದೊಡ್ಡ ಶಾಪ ಇದು. ಪಂಪ್ ಬೇರೆ ಭಾಗವಲ್ಲ, ಟೈಮಿಂಗ್ ಕವರ್ (ಕ್ಯಾಮ್ ಚೈನ್ ಮುಚ್ಚುವ ಮುಂದಿನ ಮುಚ್ಚಳ) ಒಳಗೇ ಕೂತಿದೆ. ಕವರ್ ಬರಬೇಕಾದರೆ ಮೇಲೆ ಸಿಲಿಂಡರ್ ಹೆಡ್, ಕೆಳಗೆ ಸಂಪ್ (ಎಣ್ಣೆ ತೊಟ್ಟಿ) ಎರಡೂ ಬಿಚ್ಚಬೇಕು. ಕಾರಿನಲ್ಲೇ ಇಟ್ಟು ಮಾಡಿದವರಿದ್ದಾರೆ, ಆದರೆ ಎಂಜಿನ್ ಇಳಿಸಿದರೆ ಕೆಲಸ ಶುದ್ಧ. ಹೇಗೂ ಬಿಚ್ಚುತ್ತೀರಿ, ಮುಂದೆ ಹೆಡ್ ಮುಟ್ಟದೆ ಬದಲಿಸಬಹುದಾದ ಕಾರ್ಟ್ರಿಜ್ ಬಗೆಯ ಪಂಪ್ ಇರುವ ಕವರ್ ಸಿಗುತ್ತದೆ, ಅದನ್ನೇ ಹಾಕಿ. ಹೊರಗಿನಿಂದ ನೋಡಿದರೆ ಬೇರೆ ಅನ್ನಿಸುತ್ತದೆ, ಮೂಲ ಕವರ್ ಎಣ್ಣೆ ಹಚ್ಚಿ ಜೋಪಾನವಾಗಿಡಿ.

ಹೆಡ್ ಎತ್ತುವ ಮುನ್ನ ಒಂದನೇ ಪಿಸ್ಟನ್ ಮೇಲಿನ ತುದಿಯಲ್ಲಿರುವ ಸ್ಥಿತಿಯಿಂದ ಕ್ರ್ಯಾಂಕನ್ನು 90 ಡಿಗ್ರಿ ತಿರುಗಿಸಿ ನಾಲ್ಕೂ ಪಿಸ್ಟನ್ ನಡುಮಟ್ಟಕ್ಕೆ ಬರುವಂತೆ ಇಡಿ. ಚೈನ್ ಕಳಚಿದ ಮೇಲೆ ಕ್ಯಾಮ್ ಬೇರೆ ಬೇರೆ ತಿರುಗಿಸಿದರೆ ಇನ್‌ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ಹೆಡ್‌ನ ಮುಂಭಾಗವನ್ನು ಕವರ್‌ಗೆ ಹಿಡಿದಿರುವ ಸಣ್ಣ ಬೋಲ್ಟ್‌ಗಳನ್ನು ಮರೆಯಬೇಡಿ. ಮರೆತು ಹೆಡ್ ಎಬ್ಬಿಸಿದರೆ ಕವರ್ ಕಿವಿ ಚಟ್ ಎಂದು ಮುರಿಯುತ್ತದೆ.

ಮತ್ತೆ ಕೂರಿಸುವಾಗ ಎಡವುವ ಜಾಗ ಒಂದೇ. ಟೈಮಿಂಗ್ ಕವರ್‌ನ ಮೇಲಂಚು ಬ್ಲಾಕ್‌ನ ಮೇಲ್ಮೈಗೆ ಸರಿಸಮ ಇರಬೇಕು. ಬ್ಲಾಕ್ ಮುಖ ಹಿಂದೆ ಯಾವಾಗಲಾದರೂ ಮೆಷಿನ್ ಆಗಿದ್ದು ಕವರ್ ಆಗದಿದ್ದರೆ ಕವರ್ ಮೇಲೆದ್ದು ನಿಲ್ಲುತ್ತದೆ, ಹೆಡ್ ಪೂರ್ತಿ ಕೂರುವುದಿಲ್ಲ, ಒಂದನೇ ಸಿಲಿಂಡರ್ ಹತ್ತಿರ ಪ್ಯಾಕಿಂಗ್ ಊದುತ್ತದೆ. ಕವರ್ ತಗ್ಗಿದ್ದರೆ ಚೈನ್ ಕೋಣೆಯ ಎಣ್ಣೆ ಹೊರಗೆ. ಹೊಸ ಕವರ್ ತಂದಾಗಂತೂ ಬ್ಯಾಕ್‌ಪ್ಲೇಟ್ ಸಮೇತ ಬ್ಲಾಕ್‌ಗೆ ಬಿಗಿದು ಮೂರನ್ನೂ ಒಟ್ಟಿಗೆ ಅಳೆಯಿರಿ, ಹೆಚ್ಚಿದ್ದರೆ ಒಟ್ಟಿಗೇ ಮೆಷಿನ್ ಮಾಡಿಸಿ. ಮೂರೂ ಸೇರುವ ಸಂದಿನಲ್ಲಿ ಕಡಲೆಬೇಳೆಯಷ್ಟು ಸೀಲಂಟ್ ಸಾಕು.

ಕೊನೆಗೆ ಬೆಲ್ಟ್. ಪುಲ್ಲಿಗಳ ನಡುವೆ ಬೆರಳಿನಿಂದ ಒತ್ತಿದರೆ 12-13 ಮಿ.ಮೀ. ತಗ್ಗಬೇಕು. ಈ ಪಂಪ್‌ಗಳನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ವೀಣೆಯ ತಂತಿಯಂತೆ ಬಿಗಿದ ಬೆಲ್ಟ್.

ಹಸಿರುಪಟ್ಟಿ

ನೋಡಿದ್ದು ಇಷ್ಟು. ಗಾಳಿದಾರಿ ಪೌಡರ್ ಕೋಟಿಂಗ್‌ನಲ್ಲಿ ಮುಚ್ಚಿತ್ತು. ಕೇಸಿಂಗ್ ಮುಖದ ತಳದ ನಡುವೆ 0.25 ಮಿ.ಮೀ. ಗೇಜ್ ಹೋಗುತ್ತದೆ. ಟ್ಯಾಕೋ 5900 ತೋರಿಸುವಾಗ ಸ್ಟ್ರೋಬ್‌ನಲ್ಲಿ 5650. ಸಾದಾ ರೋಟರ್‌ನಲ್ಲಿ 6200 ತನಕ ಎಳೆಯಿತು, ಆದರೆ 5800ರಿಂದ ಮೇಲೆ ಸಣ್ಣ ತೊದಲು. ಕಾರ್ಬುರೇಟರ್ ನಟ್ ಕೆಳಗೆ ಸಾದಾ ಸ್ಪ್ರಿಂಗ್ ವಾಷರ್, ಪೂರ್ತಿ ಬಿಗಿ. ಥ್ಯಾಕರೆ ವಾಷರ್ ಹಾಕಿ 1 ಮಿ.ಮೀ. ಬಿಟ್ಟಮೇಲೆ ತೊದಲು ಇಲ್ಲ. ಪಂಪ್ ಪುಲ್ಲಿಯಲ್ಲಿ ಆಟ ಇದೆ, ಎಂಜಿನ್ ಇಳಿಯುತ್ತದೆ.

ಎರಡು ಪ್ರಶ್ನೆ: ಜೆಟ್ ಹಿಂದಿನದಕ್ಕೆ ತರಬೇಕೇ? ಕೇಸಿಂಗ್‌ಗೆ ಬೆಸುಗೆ ಮೊದಲೋ, ಮುಖ ಮೆಷಿನ್ ಮೊದಲೋ?

ಕಾರ್ಬ್_ಕಿವಿ

ತನ್ನಿ, ಈಗಲೇ. ಕಿಡಿ ಇಲ್ಲದ ತೊಂದರೆಗೆ ಪೆಟ್ರೋಲ್ ಹೆಚ್ಚಿಸಿದ್ದೀರಿ, ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ. ಹಿಂದಿನ ಜೆಟ್ ಹಾಕಿ ಒಂದು ಸಲ ಪೂರ್ತಿ ಎಳೆದು, ಓಡುತ್ತಿರುವಾಗಲೇ ಕ್ಲಚ್ ಒತ್ತಿ ಇಗ್ನಿಷನ್ ಆರಿಸಿ ಪ್ಲಗ್ ಬಣ್ಣ ನೋಡಿ, ನಾಲ್ಕನ್ನೂ ಸಾಲಾಗಿ ಇಟ್ಟು.

ಅರ್ಧಇಂಚು_ಸ್ಪ್ಯಾನರ್

ಬೆಸುಗೆ ಮೊದಲು. ಬೇಡವಾದ ಹಳೆಯ ಎರಕದ ಕಬ್ಬಿಣದ ಡಿಫ್ ಹೌಸಿಂಗ್ ಸಿಕ್ಕರೆ ಅದನ್ನು ಕೇಸಿಂಗ್‌ಗೆ ಎಲ್ಲ ನಟ್ ಹಾಕಿ ಬಿಗಿದು, ಅದು ಕೂತಿರುವಾಗಲೇ ಪ್ಲೇಟ್ ಬೆಸೆಯಿರಿ. ನಿಮ್ಮ ಅಲ್ಯೂಮಿನಿಯಂ ಹೌಸಿಂಗನ್ನು ಈ ಕೆಲಸಕ್ಕೆ ಬಳಸಬೇಡಿ. ಒಮ್ಮೆಗೆ 25 ಮಿ.ಮೀ. ಉದ್ದ, ಎಡಕ್ಕೊಂದು ಬಲಕ್ಕೊಂದು, ನಡುವೆ ಕೈ ಇಡುವಷ್ಟು ತಣ್ಣಗಾಗಲಿ. ಒಂದೇ ಕಡೆ ಎಳೆದುಕೊಂಡು ಹೋದರೆ ಕೊಳವೆ ಬಾಳೆಹಣ್ಣಿನ ಹಾಗೆ ಬಾಗಿ ಹಾಫ್ ಶಾಫ್ಟ್ (ಡಿಫ್‌ನಿಂದ ಚಕ್ರ ತಿರುಗಿಸುವ ಸಲಾಕೆ) ಸೀಲ್ ತಿನ್ನುತ್ತದೆ. ಪೂರ್ತಿ ತಣ್ಣಗಾದ ಮೇಲೆ ಎರಡೂ ತುದಿಯ ಬೇರಿಂಗ್ ಕೂರುವ ಜಾಗ ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ, ಕೊಳವೆ ನೆಟ್ಟಗಿದ್ದರೆ ಮಾತ್ರ ಮುಖ ಮೆಷಿನ್‌ಗೆ ಕಳಿಸಿ. ಜೋಡಿಸಿದ ಮೇಲೆ ಮೊದಲ ಓಟದ ನಂತರ ಒಮ್ಮೆ, ಎರಡನೆಯದರ ನಂತರ ಒಮ್ಮೆ, ತಣ್ಣಗಿದ್ದಾಗ ನಟ್ ಬಿಗಿತ ನೋಡಿ. ಪ್ರತಿ ನಟ್‌ನಿಂದ ಹೌಸಿಂಗ್‌ಗೆ ದಾಟುವಂತೆ ಬಣ್ಣದ ಗೀಟು ಎಳೆದಿದ್ದರೆ ಯಾವುದು ತಿರುಗಿದೆ ಎಂದು ಕಾರಿನ ಕೆಳಗೆ ಟಾರ್ಚ್ ಹಿಡಿದರೇ ಕಾಣುತ್ತದೆ.