ಸಹಾಯ ಬೇಕು: ಅಪ್ಪನನ್ನು ಕ್ಯಾವರ್ನ್ ಕ್ಲಬ್‌ಗೆ ಕರೆದುಕೊಂಡು ಹೋಗಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಬೆಂಗಳೂರಿನಿಂದ ಅಪ್ಪನ ಜೊತೆ ಲಂಡನ್‌ಗೆ ಹೊರಟಿದ್ದೇನೆ. ಅವರಿಗೆ ಅರಮನೆಯೂ ಬೇಡ, ಮ್ಯೂಸಿಯಮ್ಮೂ ಬೇಡ. ಬಂದರು ಊರು ಲಿವರ್‌ಪೂಲ್‌ನ ಮ್ಯಾಥ್ಯೂ ಸ್ಟ್ರೀಟ್‌ನಲ್ಲಿರುವ ಕ್ಯಾವರ್ನ್ ಕ್ಲಬ್ ನೋಡಿದರೆ ಸಾಕಂತೆ! 1957ರಲ್ಲಿ ಜಾಝ್‌ಗಾಗಿ ಶುರುವಾದ ನೆಲಮಾಳಿಗೆ ಅದು. 1961ರಿಂದ 1963ರವರೆಗೆ ಬೀಟಲ್ಸ್ ಬ್ಯಾಂಡ್‌ನವರು ಹಾಡಿದ್ದು ಅಲ್ಲೇ. ಹಳೆಯದನ್ನು 1973ರಲ್ಲಿ ಮುಚ್ಚಿದರು, ಈಗಿರುವುದು 1984ರಲ್ಲಿ ಮತ್ತೆ ಕಟ್ಟಿದ್ದು ಅಂತ ಹೇಳಿ ನೋಡಿದೆ. ಹಳೇ ಇಟ್ಟಿಗೆಗಳನ್ನೇ ಹಾಕಿದ್ದಾರಲ್ಲ ಅಂತ ಅವರ ವಾದ.

ಹೋಗಿಬಂದವರು ದಯವಿಟ್ಟು ಹೇಳಿ. ಅಪ್ಪನಿಗೆ ಮಂಡಿನೋವು ಜಾಸ್ತಿ. ಕೆಳಗಿಳಿಯುವ ಮೆಟ್ಟಿಲು ಕಡಿದಾಗಿದೆಯಾ? ಲಿಫ್ಟ್ ಇದೆಯಾ? ಕೂರಲು ಜಾಗ ಸಿಗುತ್ತದಾ? ಮಧ್ಯಾಹ್ನವೂ ಲೈವ್ ಹಾಡು ಇರುತ್ತದಾ? ಅವರು ಕುಡಿಯುವುದಿಲ್ಲ, ಸುಮ್ನೆ ಒಂದು ಜ್ಯೂಸ್ ಹಿಡಿದು ಕೂತರೆ ಯಾರೂ ಏನೂ ಅನ್ನುವುದಿಲ್ಲ ಅಲ್ವಾ? ಲಂಡನ್‌ನ ಯೂಸ್ಟನ್ ಸ್ಟೇಷನ್‌ನಿಂದ ರೈಲಿನಲ್ಲಿ ಒಂದೇ ದಿನಕ್ಕೆ ಹೋಗಿಬರಬಹುದಾ, ಅಥವಾ ರಾತ್ರಿ ಅಲ್ಲೇ ಉಳಿಯುವುದು ವಾಸಿಯಾ?