982 ಪೌಂಡ್ ಕೌನ್ಸಿಲ್ ಟ್ಯಾಕ್ಸ್ ಬಾಕಿ 1,292 ಆಗಿದೆ, ಬೇಲಿಫ್ ಬಂದರೆ ಬಾಗಿಲು ತೆಗೀಬೇಕಾ?

ದಾವಣಗೆರೆ ಹುಡುಗ (ಆಗಸ್ಟ್ 2024, ರಾತ್ರಿ 9.40)
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇದ್ದೇನೆ. ಎಂಎಸ್ಸಿ ಮುಗಿಸಿ ಈಗ ಗ್ರಾಜುಯೇಟ್ ವೀಸಾದಲ್ಲಿ ವೇರ್‌ಹೌಸ್ ಕೆಲಸ. ಓದುವಾಗ ಸ್ಟೂಡೆಂಟ್ ಅಂತ ಕೌನ್ಸಿಲ್ ಟ್ಯಾಕ್ಸ್ (ಮನೆಯಲ್ಲಿ ವಾಸವಿರುವವರು ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆ) ಇರಲಿಲ್ಲ. ಕೋರ್ಸ್ ಮುಗಿದ ಮೇಲೂ ಅದೇ ಮನೆಯಲ್ಲಿದ್ದೆ, ಜೊತೆಗೆ ಒಬ್ಬ ಫ್ರೆಂಡ್. ಅಗ್ರಿಮೆಂಟ್‌ನಲ್ಲಿ ಇಬ್ಬರ ಹೆಸರೂ ಇತ್ತು. ಕೌನ್ಸಿಲ್ ಕಾಗದ ಬರುತ್ತಿದ್ದವು. ಅವನು ನೋಡ್ಕೋತಾನೆ ಅಂತ ನಾನು, ನಾನು ನೋಡ್ಕೋತೀನಿ ಅಂತ ಅವನು. ಅವನು ಡಿಸೆಂಬರ್‌ನಲ್ಲೇ ಊರಿಗೆ ಹೋಗಿ ಈಗ ಅಪ್ಪನ ಮೆಡಿಕಲ್ ಶಾಪ್‌ನಲ್ಲಿ ಕೂತಿದ್ದಾನೆ.

2023ರ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಟ್ಯಾಕ್ಸ್ 892, ಕೋರ್ಟ್ ಖರ್ಚು 90, ಒಟ್ಟು 982. ಬಾಕಿ ವಸೂಲಿ ಮಾಡುವ ಬೇಲಿಫ್ ಕಂಪನಿಯಿಂದ ಕಾಗದ ಬಂದಾಗ 75 ಸೇರಿತು. ಇವತ್ತು ಬೆಳಿಗ್ಗೆ 7 ಗಂಟೆಗೆ ಯಾರೋ ಬೆಲ್ ಮಾಡಿದರು. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೆ, ಏಳಲಿಲ್ಲ. ಎದ್ದು ನೋಡಿದರೆ ಲೆಟರ್‌ಬಾಕ್ಸ್‌ನಲ್ಲಿ ಮಡಚಿದ ಒಂದು ಹಾಳೆ. ಇನ್ನೂ 235 ಸೇರಿ 1,292. ಕೆಳಗೆ ಬಾಲ್‌ಪೆನ್‌ನಲ್ಲಿ ನನ್ನ ಕಾರಿನ ನಂಬರ್ ಬರೆದು ಎರಡು ಗೆರೆ ಎಳೆದಿದ್ದಾನೆ. ಅದನ್ನು ನೋಡಿ ಕೈ ನಡುಗಿತು.

ಬಾಗಿಲು ತೆಗೀಬೇಕಾ? ಬೆಲ್ ಒತ್ತಿದ್ದಕ್ಕೇ 235 ಕೊಡಬೇಕಾ? ಕೌನ್ಸಿಲ್‌ಗೆ ನೇರ ಕಟ್ಟಬಹುದಾ? ಈ ವರ್ಷದ್ದನ್ನು ತಪ್ಪದೆ ಕಟ್ಟುತ್ತಿದ್ದೇನೆ.

ರೀಡಿಂಗ್ ರೇಖಾ (9.58)
ಬಾಗಿಲು ತೆಗೀಬೇಡಿ. ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಬಂದವನು ಮೊದಲ ಸಲ ಬಾಗಿಲು ಒಡೆದು ಬರುವಂತಿಲ್ಲ. ಚಿಲಕ ಹಾಕದ ಬಾಗಿಲಿದ್ದರೆ ಮಾತ್ರ ಒಳಗೆ ಬರಬಹುದು, ಹಾಗಾಗಿ ಹಿತ್ತಲ ಬಾಗಿಲಿಗೂ ಬೀಗ ಹಾಕಿ. ಕಿಟಕಿ ಹತ್ತಿ ಬರುವಂತಿಲ್ಲ, ನಿಮ್ಮನ್ನು ತಳ್ಳಿಕೊಂಡು ಬರುವಂತಿಲ್ಲ. ಬೆಳಿಗ್ಗೆ 6ರಿಂದ ರಾತ್ರಿ 9ರ ಒಳಗೆ ಬರಬೇಕು. ಸಾಮಾನಿನ ಪಟ್ಟಿ ಮಾಡಿ ಸೈನ್ ಮಾಡಿ ಅಂದರೆ ಮಾಡಬೇಡಿ. ಆ ಒಪ್ಪಂದಕ್ಕೆ ಸೈನ್ ಹಾಕಿ ಕಂತು ತಪ್ಪಿಸಿದರೆ ಮುಂದಿನ ಸಲ ಬಾಗಿಲು ಒಡೆಯುವ ಹಕ್ಕು ಅವನಿಗೆ ಬರುತ್ತದೆ.

ಫೀಸ್ 2014ರ ನಿಯಮದ್ದು. ಕಾಗದಕ್ಕೆ 75, ಮನೆ ಹತ್ತಿರ ಬಂದರೆ 235, ಮಾರಾಟದ ಹಂತಕ್ಕೆ ಹೋದರೆ 110. ಬಾಕಿ 1,500 ದಾಟಿದರೆ ದಾಟಿದ ಮೊತ್ತಕ್ಕೆ ಶೇಕಡಾ 7.5 ಬೇರೆ. ನಿಮ್ಮದು ದಾಟಿಲ್ಲ, ಲೆಕ್ಕ ಸರಿ ಇದೆ.

ಮುಖ್ಯವಾದದ್ದು: ಈ ರಾತ್ರಿಯೇ ಕಾರನ್ನು ಅಲ್ಲಿಂದ ದೂರ ಸರಿಸಿ. ಆಮೇಲೆ ಯೂನಿವರ್ಸಿಟಿ ಕೊಟ್ಟ ಸರ್ಟಿಫಿಕೇಟ್‌ನಲ್ಲಿ ಕೋರ್ಸ್ ಮುಗಿದ ದಿನ ಯಾವುದು ನೋಡಿ. ಕೌನ್ಸಿಲ್ ಅದಕ್ಕಿಂತ ಮುಂಚಿನಿಂದ ಲೆಕ್ಕ ಹಾಕಿರಬಹುದು.

ಹಾಸನ ವಕೀಲ (10.07)
"ಬಾಗಿಲು ತೆಗೀಬೇಡಿ" ಅಂತ ಧೈರ್ಯವಾಗಿ ಬರೆದಿದ್ದೀರಿ. ಬಂದಿರುವವನು ಕೋರ್ಟ್ ಅಮೀನ, ಅಂದರೆ ಕೋರ್ಟ್ ಆದೇಶ ಜಾರಿ ಮಾಡುವ ನೌಕರ. ಅಮೀನನಿಗೆ ಅಡ್ಡಿ ಮಾಡುವುದು ಅಪರಾಧ. ಸಿವಿಲ್ ಪ್ರೊಸೀಜರ್ ಕೋಡ್ (ಸಿಪಿಸಿ) ಸೆಕ್ಷನ್ 62 ಓದಿ. ಸಾಲಗಾರನೇ ವಾಸವಿರುವ ಮನೆ, ಅವನು ಒಳಗೆ ಬಿಡುತ್ತಿಲ್ಲ ಅಂದರೆ ಹೊರಬಾಗಿಲನ್ನೂ ಒಡೆಯಬಹುದು. ಸೂರ್ಯಾಸ್ತದ ನಂತರ ಬರುವಂತಿಲ್ಲ ಅಷ್ಟೇ. ಇಪ್ಪತ್ತು ವರ್ಷ ಕೋರ್ಟ್ ನೋಡಿದ್ದೇನೆ.

ರೀಡಿಂಗ್ ರೇಖಾ (10.11)
ಸರ್, ಹುಡುಗ ಇರುವುದು ಇಂಗ್ಲೆಂಡಿನಲ್ಲಿ, ಹಾಸನದಲ್ಲಲ್ಲ. ಇಲ್ಲಿ ನಡೆಯುವುದು 2007ರ ಟ್ರೈಬ್ಯೂನಲ್ಸ್, ಕೋರ್ಟ್ಸ್ ಅಂಡ್ ಎನ್‌ಫೋರ್ಸ್‌ಮೆಂಟ್ ಆಕ್ಟ್, ಶೆಡ್ಯೂಲ್ 12. ಬಂದವನು ಅಮೀನ ಅಲ್ಲ. ಕೌನ್ಸಿಲ್ ಕೆಲಸ ಕೊಟ್ಟ ಖಾಸಗಿ ಕಂಪನಿಯವನು. ಫೀಸ್ ಬಂದರೆ ಕಂಪನಿಗೆ ದುಡ್ಡು, ಇಲ್ಲದಿದ್ದರೆ ಇಲ್ಲ.

ಬೆಂಕಿಪೊಟ್ಟಣ (10.15)
ಗುರು, ಸುಮ್ನೆ ಹೆದರಬೇಡ. ಒಂದು ಹಾಳೆಯಲ್ಲಿ "ಈ ಅಂಗಳಕ್ಕೆ ಕಾಲಿಡಲು ಇದ್ದ ಅನುಮತಿ ವಾಪಸ್ ಪಡೆದಿದ್ದೇನೆ" ಅಂತ ಬರೆದು ಬಾಗಿಲಿಗೆ ಅಂಟಿಸು. ಆಮೇಲೆ ಗೇಟ್ ಮುಟ್ಟಿದರೂ ಅತಿಕ್ರಮ ಪ್ರವೇಶ. ಯೂಟ್ಯೂಬ್‌ನಲ್ಲಿ ನೂರು ವಿಡಿಯೋ ಇದೆ. 982 ಅನ್ನು ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ನೇರ ಕಟ್ಟು, ಬೇಲಿಫ್‌ಗೆ ಚೊಂಬು.

ಹಾಸನ ವಕೀಲ (10.19)
"ಬಂದವನು ಅಮೀನ ಅಲ್ಲ" ಅಂತೀರಿ. ಅವನಿಗೆ ಸರ್ಟಿಫಿಕೇಟ್ ಕೊಟ್ಟವರು ಯಾರು ಮೇಡಂ? ಕೌಂಟಿ ಕೋರ್ಟ್. ಕೋರ್ಟ್ ಸರ್ಟಿಫಿಕೇಟ್ ಇದ್ದ ಮೇಲೆ ಅವನು ಕೋರ್ಟಿನವನೇ. ಅಮೀನ ಅಂದರೂ ಅದೇ, ಬೇಲಿಫ್ ಅಂದರೂ ಅದೇ. ನಮ್ಮ ಕೋರ್ಟ್‌ಗಳಲ್ಲಿ ಎರಡೂ ಪದ ಇವೆ.

ರೀಡಿಂಗ್ ರೇಖಾ (10.24)
ಡ್ರೈವಿಂಗ್ ಲೈಸೆನ್ಸ್ ಕೊಟ್ಟಿದ್ದು ಆರ್‌ಟಿಒ ಅಂತ ನೀವು ಆರ್‌ಟಿಒ ನೌಕರ ಆಗ್ತೀರಾ ಸರ್?

@ಬೆಂಕಿಪೊಟ್ಟಣ, ಆ ಹಾಳೆಗೆ ಬೆಲೆ ಇಲ್ಲ. ಕಾನೂನೇ ಅವನಿಗೆ ಬರಲು ಅಧಿಕಾರ ಕೊಟ್ಟಿರುವಾಗ ನೀವು ವಾಪಸ್ ಪಡೆಯುವುದು ಏನನ್ನು? ಕೌನ್ಸಿಲ್‌ಗೆ ಕಟ್ಟಿದ ಮಾತ್ರಕ್ಕೆ 310 ಮಾಯ ಆಗಲ್ಲ. ಬಂದ ಹಣದಲ್ಲಿ ಮೊದಲು 75 ಕಳೆದು, ಉಳಿದದ್ದನ್ನು ಬಾಕಿಗೂ ಫೀಸಿಗೂ ಪಾಲು ಹಾಕುತ್ತಾರೆ. ಕೊನೆಗೆ ಸ್ವಲ್ಪ ಬಾಕಿ ಉಳಿದು ಅದಕ್ಕೇ ಮತ್ತೆ ಬರುತ್ತಾನೆ.

ಕುಡ್ಲದ ಮೀನು (10.26)
ಒಂದು ನಿಮಿಷ. ಅಮೀನ್ ಅಂದರೆ ನಮ್ಮ ಕಡೆ ಮನುಷ್ಯರ ಅಡ್ಡಹೆಸರು. ನನ್ನ ಹೆಂಡತಿಯ ತವರಿನವರು ಅಮೀನ್‌ಗಳು. "ಅಮೀನನಿಗೆ ಬಾಗಿಲು ತೆಗೀಬೇಡಿ" ಅಂತ ಬರೆದರೆ ಮಾವನ ಮುಖ ನೆನಪಾಗ್ತದೆ ಮಾರಾಯ್ರೆ.

ಹಾಸನ ವಕೀಲ (10.31)
ತಮಾಷೆ ಬೇಡ. ಅಮೀನ ಅನ್ನುವುದು ಅರಬಿಯಿಂದ ಬಂದ ಪದ. ನಂಬಿಕಸ್ಥ ಅಂತ ಅರ್ಥ. ಆಡಳಿತದ ಪದ, ಅಡ್ಡಹೆಸರಿಗೂ ಇದಕ್ಕೂ ಸಂಬಂಧ ಇಲ್ಲ.

ಕುಡ್ಲದ ಮೀನು (10.33)
ನಂಬಿಕಸ್ಥ ಬಂದು ಸೋಫಾ ಎತ್ತಿಕೊಂಡು ಹೋಗ್ತಾನೆ ಅಂತಾಯ್ತು.

ಕ್ರಾಯ್ಡನ್ ಕಾಕಾ (10.40)
ತಮ್ಮಾ, ನಾನು 1989ರಿಂದ ಈ ದೇಶದಲ್ಲಿದ್ದೇನೆ. ಇದಕ್ಕೂ ಮುಂಚೆ ಇದ್ದ ತಲೆಗಂದಾಯ, ಪೋಲ್ ಟ್ಯಾಕ್ಸ್ ನೋಡಿದ್ದೇನೆ. 1990ರ ಮಾರ್ಚ್ 31ಕ್ಕೆ ಟ್ರಫಾಲ್ಗರ್ ಸ್ಕ್ವೇರ್‌ನಲ್ಲಿ ಗಲಾಟೆ ಆದಾಗ ಲಂಡನ್‌ನಲ್ಲೇ ಇದ್ದೆ. 1993ರಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಂತು. ಇವತ್ತಿನವರೆಗೆ ಒಂದು ಕಂತು ತಪ್ಪಿಸಿಲ್ಲ. ಕಸದ ಗಾಡಿ ಬಂದಾಗ ಕಸ ಹಾಕಿದೆ ಅಲ್ವಾ? ಅದಕ್ಕೆ ದುಡ್ಡು ಯಾರು ಕೊಡಬೇಕು? ಕಟ್ಟಿಬಿಡು, ಇಲ್ಲದಿದ್ದರೆ ಮೂರು ತಿಂಗಳು ಜೈಲು. ಆದಾಯ ಕಡಿಮೆ ಇದ್ದರೆ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್‌ಗೆ ಅರ್ಜಿ ಹಾಕು.

ರೀಡಿಂಗ್ ರೇಖಾ (10.46)
ಅಯ್ಯೋ ಕಾಕಾ, ಬೇಡ! ಹುಡುಗ ವೀಸಾದಲ್ಲಿದ್ದಾನೆ. ರಿಡಕ್ಷನ್ ಅನ್ನುವುದು ಪಬ್ಲಿಕ್ ಫಂಡ್ಸ್ (ಇಂಥ ವೀಸಾದವರು ಪಡೆಯಬಾರದ ಸರ್ಕಾರಿ ನೆರವು) ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕಿದರೆ ವೀಸಾಕ್ಕೇ ಕುತ್ತು. ಒಬ್ಬನೇ ಇದ್ದರೆ ಸಿಗುವ ಶೇಕಡಾ 25 ರಿಯಾಯಿತಿ ಬೇರೆ, ಅದು ಪಬ್ಲಿಕ್ ಫಂಡ್ಸ್ ಅಲ್ಲ. @ದಾವಣಗೆರೆ ಹುಡುಗ, ಫ್ರೆಂಡ್ ಡಿಸೆಂಬರ್‌ನಲ್ಲಿ ಹೋದ ಅಂದಿರಿ. ಅಲ್ಲಿಂದ ಮಾರ್ಚ್‌ವರೆಗೆ 25 ಶೇಕಡಾ ಕಡಿಮೆ ಮಾಡಿ ಅಂತ ಕೌನ್ಸಿಲ್‌ಗೆ ಬರೆಯಿರಿ. ಅವನ ವಿಮಾನದ ಟಿಕೆಟ್ ಪ್ರತಿ ಜೊತೆಗಿಡಿ.

ಜೈಲಿನ ಮಾತು ಬೇಕಂತಲೇ ಕಟ್ಟದವರಿಗೆ, ಅದೂ ಮ್ಯಾಜಿಸ್ಟ್ರೇಟ್ ವಿಚಾರಣೆ ಆದ ಮೇಲೆ. ವೇಲ್ಸ್‌ನಲ್ಲಿ 2019ರಿಂದ ಅದೂ ಇಲ್ಲ. ಮಗುವನ್ನು ಹೆದರಿಸಬೇಡಿ.

ಕ್ರಾಯ್ಡನ್ ಕಾಕಾ (10.50)
"ಹೆದರಿಸಬೇಡಿ" ಅಂತಾರೆ. ಹೆದರಿಕೆ ಇಲ್ಲದ್ದಕ್ಕೇ ಆರು ತಿಂಗಳು ಲಕೋಟೆ ಒಡೆದಿಲ್ಲ ಇವನು.

ಗ್ಲಾಸ್ಗೋ ಗೌಡ (10.54)
ನಮ್ಮ ಸ್ಕಾಟ್ಲೆಂಡ್‌ನಲ್ಲಿ ಈ ಬೇಲಿಫ್ ಕಾಟವೇ ಇಲ್ಲ. ಬಾಕಿ ಉಳಿದರೆ ಶೇಕಡಾ 10 ಸೇರಿಸ್ತಾರೆ, ಅಷ್ಟೇ.

ಹಾಸನ ವಕೀಲ (10.57)
"ಅಷ್ಟೇ" ಅಲ್ಲ. ಅಲ್ಲಿ ಶೆರಿಫ್ ಆಫೀಸರ್ ಇದ್ದಾರೆ, ಬ್ಯಾಂಕ್ ಖಾತೆಗೇ ತಡೆ ಹಾಕ್ತಾರೆ. ಅದೂ ಅಮೀನನ ಇನ್ನೊಂದು ಹೆಸರು.

ರೀಡಿಂಗ್ ರೇಖಾ (10.59)
ಎಲ್ಲವೂ ಅಮೀನನ ಇನ್ನೊಂದು ಹೆಸರೇ ನಿಮಗೆ.

ಹಾಸನ ವಕೀಲ (11.03)
ವಿಷಯ ಗೊತ್ತಿಲ್ಲದವರ ಕೊನೆಯ ಅಸ್ತ್ರ ವ್ಯಂಗ್ಯ. ಸಿಪಿಸಿ ಸೆಕ್ಷನ್ 60 ನೋಡಿ. ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ ಜಪ್ತಿ ಮಾಡುವಂತಿಲ್ಲ. ಧರ್ಮದ ಪ್ರಕಾರ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆಯನ್ನೂ ಮುಟ್ಟುವಂತಿಲ್ಲ. ನಿಮ್ಮ ಇಂಗ್ಲೆಂಡಿನಲ್ಲಿ ತಾಳಿಗೆ ರಕ್ಷಣೆ ಇದೆಯಾ?

ರೀಡಿಂಗ್ ರೇಖಾ (11.08)
ಹುಡುಗನಿಗೆ ಮದುವೆನೇ ಆಗಿಲ್ಲ ಸರ್.

ಇಲ್ಲೂ ಬಟ್ಟೆ, ಹಾಸಿಗೆ, ಒಲೆ, ಫ್ರಿಡ್ಜ್, ವಾಷಿಂಗ್ ಮೆಷಿನ್ ಮುಟ್ಟುವಂತಿಲ್ಲ. ನಿಮ್ಮ ಅಮೀನ ಸರ್ಕಾರಿ ಸಂಬಳ ತಗೊಂಡು ವಾರಂಟ್ ಜಾರಿ ಮಾಡ್ತಾನೆ. ಇಲ್ಲಿನವನು ಬೆಲ್ ಒತ್ತಿದರೆ 235. ಈ ವ್ಯತ್ಯಾಸವೇ ಇಡೀ ಸಮಸ್ಯೆ. ಅದನ್ನು ಬಿಟ್ಟು ಹೆಸರಿಗೆ ಜಗಳ ಆಡ್ತಿದ್ದೀರಿ.

ಬೆಂಕಿಪೊಟ್ಟಣ (11.10)
"ಕಸುಬಿನ ಸಲಕರಣೆ"! ಸಿಕ್ತು ನೋಡು ಗುರು. ಇಲ್ಲೂ 1,350 ಪೌಂಡ್‌ವರೆಗಿನ ಕೆಲಸದ ಸಾಮಾನು ಮುಟ್ಟುವಂತಿಲ್ಲ. ನಿನ್ನ ಕಾರು ಎಷ್ಟಕ್ಕೆ ಬಾಳುತ್ತೆ?

ದಾವಣಗೆರೆ ಹುಡುಗ (11.14)
ಹಳೇ ಕೋರ್ಸಾ. 900 ಕೊಟ್ಟಿದ್ದೆ. ವೇರ್‌ಹೌಸ್ 14 ಮೈಲಿ, ಶಿಫ್ಟ್ ಟೈಮ್‌ಗೆ ಬಸ್ ಇಲ್ಲ.

ಬೆಂಕಿಪೊಟ್ಟಣ (11.15)
ಮುಗೀತು. ಮನೆ ಮುಂದೆಯೇ ನಿಲ್ಲಿಸು, ಧೈರ್ಯವಾಗಿ ಮಲಗು.

ರೀಡಿಂಗ್ ರೇಖಾ (11.17)
ಮುಗಿದಿಲ್ಲ! ಕೆಲಸ ಮಾಡುವುದಕ್ಕೆ ಕಾರು ಬೇಕಿರಬೇಕು. ಕೆಲಸಕ್ಕೆ ಹೋಗಿ ಬರುವುದಕ್ಕೆ ಅಂದರೆ ಅವರು ಸಾಮಾನ್ಯವಾಗಿ ಒಪ್ಪಲ್ಲ. ಕಾರು ಸರಿಸಿ ಅಂತ ಮೊದಲೇ ಬರೆದಿದ್ದೇನೆ.

ಹಾಸನ ವಕೀಲ (11.21)
"ಸರ್ಕಾರಿ ಸಂಬಳ ತಗೊಂಡು" ಅಂದಿರಿ. ಅಮೀನನ ಸಂಬಳ ಎಷ್ಟು ಅಂತ ಗೊತ್ತಾ ನಿಮಗೆ? ಬಿಸಿಲಿನಲ್ಲಿ ವಾರಂಟ್ ಹಿಡಿದು ಊರೂರು ತಿರುಗಿ, ನಾಯಿ ಕೈಲಿ ಕಚ್ಚಿಸಿಕೊಂಡು ಬರುವವರು ಅವರು. ಅವರನ್ನು ನಿಮ್ಮ ಕಮಿಷನ್ ಏಜೆಂಟ್ ಜೊತೆ ಹೋಲಿಸಿ ಅವಮಾನ ಮಾಡಬೇಡಿ.

ಕುಡ್ಲದ ಮೀನು (11.23)
ಹೋಲಿಸಿದ್ದು ನೀವೇ ಅಲ್ವಾ ಸ್ವಾಮಿ? ಎರಡೂ ಒಂದೇ ಅಂತ 10.19ಕ್ಕೆ ಬರೆದಿದ್ದೀರಿ.

ಹಾಸನ ವಕೀಲ (11.26)
ಅಧಿಕಾರ ಒಂದೇ ಅಂದೆ, ಘನತೆ ಒಂದೇ ಅನ್ನಲಿಲ್ಲ. ಓದುವ ತಾಳ್ಮೆ ಇರಬೇಕು.

ಗ್ಲಾಸ್ಗೋ ಗೌಡ (11.30)
ಊರಿನದು ಎಷ್ಟೋ ವಾಸಿ. ಬಿಬಿಎಂಪಿ ಈ ವರ್ಷ ಹಳೇ ಬಾಕಿ ಒಂದೇ ಸಲ ಕಟ್ಟಿದರೆ ಬಡ್ಡಿ ಮನ್ನಾ ಅಂದಿದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ ಬೇರೆ.

ಕ್ರಾಯ್ಡನ್ ಕಾಕಾ (11.34)
ಬಡ್ಡಿ ಮನ್ನಾ ಅಂದರೆ ಟೈಮಿಗೆ ಕಟ್ಟಿದವನು ದಡ್ಡ ಅಂತ ಅರ್ಥ. ಅದಕ್ಕೇ ಅಲ್ಲಿ ರಸ್ತೆ ಹಾಗಿವೆ.

ಗ್ಲಾಸ್ಗೋ ಗೌಡ (11.35)
ಕ್ರಾಯ್ಡನ್‌ನಲ್ಲಿ ರಸ್ತೆ ಗುಂಡಿ ಇಲ್ಲ ಅಂತ ಎದೆ ಮುಟ್ಟಿ ಹೇಳಿ ಕಾಕಾ.

ಕ್ರಾಯ್ಡನ್ ಕಾಕಾ (11.39)
ಇದೆ. ಆದರೂ ಕಟ್ಟಿದ್ದೇನೆ.

ರೀಡಿಂಗ್ ರೇಖಾ (11.45)
ಕೊನೆಯದಾಗಿ ಹೇಳಿ ಮಲಗ್ತೀನಿ. ನಾಳೆ 9ಕ್ಕೆ ಕಂಪನಿಗೆ ಫೋನ್ ಮಾಡಿ, ತಿಂಗಳಿಗೆ ಇಷ್ಟು ಕಟ್ಟುತ್ತೇನೆ ಅಂತ ಹೇಳಿ. ಒಪ್ಪದಿದ್ದರೆ ಕೌನ್ಸಿಲ್‌ಗೆ ಹೇಳಿ. ಸಾಲ ಸಲಹೆ ಕೊಡುವ ಸಂಸ್ಥೆಗೆ ಹೋಗಿ ಬ್ರೀದಿಂಗ್ ಸ್ಪೇಸ್ ಕೇಳಿ. 2021ರಿಂದ ಇದೆ, ಸಿಕ್ಕರೆ 60 ದಿನ ಬೇಲಿಫ್ ಬರುವಂತಿಲ್ಲ. ಸ್ವಂತ ಅನುಭವ ಹೇಳ್ತಿದ್ದೀನಿ. ನಾವು ಬಂದ ಹೊಸದರಲ್ಲಿ ಗಂಡನ ಕೆಲಸ ಹೋದಾಗ ನಮ್ಮ ಬಾಗಿಲಿಗೂ ಒಬ್ಬ ಬಂದಿದ್ದ. ಮಗಳು ಅಡುಗೆಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಳು, ದೀಪ ಆರಿಸಿ ಇಬ್ಬರೂ ನೆಲದ ಮೇಲೆ ಕೂತಿದ್ದೆವು. ಲೆಟರ್‌ಬಾಕ್ಸ್ ಎತ್ತಿ ಒಳಗೆ ನೋಡಿದ ಅವನು. ಇದು ಕೋರ್ಟು ಅಂತ ಯಾರೂ ನನಗೆ ಪಾಠ ಮಾಡಬೇಕಿಲ್ಲ.

ಹಾಸನ ವಕೀಲ (11.52)
ನಿಮ್ಮ ಕಷ್ಟಕ್ಕೆ ಮರುಕ ಇದೆ. ಆದರೆ "ಒಬ್ಬ ಬಂದಿದ್ದ" ಅಂದರೆ ಸಾಲದು. ಅವನ ಸರ್ಟಿಫಿಕೇಟ್ ನೋಡಿದ್ರಾ?

ಕುಡ್ಲದ ಮೀನು (11.53)
ಮಾರಾಯ್ರೆ, ಸಾಕು ಬಿಡಿ.

ದಾವಣಗೆರೆ ಹುಡುಗ (ಮರುದಿನ ಬೆಳಿಗ್ಗೆ 7.25)
ಕಾರಿನ ಚಕ್ರಕ್ಕೆ ಹಳದಿ ಕ್ಲ್ಯಾಂಪ್ ಹಾಕಿದ್ದಾನೆ. ಎರಡು ಗಂಟೆ ಟೈಮ್, ಆಮೇಲೆ ಎತ್ತಿಕೊಂಡು ಹೋಗ್ತೀನಿ ಅಂತಾನೆ. ಕಾರು ಸರಿಸಿ ಅಂತ ರೇಖಾ ಅಕ್ಕ ಬರೆದಿದ್ದು ಈಗ ಮೇಲೆ ಹೋಗಿ ನೋಡಿದೆ. ರಾತ್ರಿ ಫೋನ್ ತೆರೆದಾಗೆಲ್ಲ ಕಾಣಿಸಿದ್ದು ಅಮೀನ, ಅಮೀನ, ಆಮೇಲೆ ಬೆಂಕಿಪೊಟ್ಟಣ ಅವರ "ಧೈರ್ಯವಾಗಿ ಮಲಗು". ಮಲಗಿದೆ.

ಬೆಂಕಿಪೊಟ್ಟಣ (7.31)
ಹಾಳೆ ಅಂಟಿಸಿದ್ದೆಯಾ ಇಲ್ವಾ? ಅದನ್ನು ಮೊದಲು ಹೇಳು.

ರೀಡಿಂಗ್ ರೇಖಾ (7.40)
ಕ್ಲ್ಯಾಂಪ್ ಮುಟ್ಟಬೇಡಿ, ಮುರಿದರೆ ಅದು ಅಪರಾಧ. ಅವನು ಕ್ಲ್ಯಾಂಪ್ ಹಾಕಿದ ಸಮಯದ ಫೋಟೋ ತೆಗೆಯಿರಿ. ಕಟ್ಟಲು ಆಗುತ್ತಾ?

ದಾವಣಗೆರೆ ಹುಡುಗ (8.50)
ಕಟ್ಟಿದೆ. 700 ನನ್ನ ಕಾರ್ಡ್, 592 ಮ್ಯಾನೇಜರ್ ಹತ್ತಿರ ಕೈಗಡ. ರಸ್ತೆಯಲ್ಲಿ ನಿಂತು ಅವನ ಸಣ್ಣ ಮೆಷಿನ್‌ನಲ್ಲಿ ಪಿನ್ ಒತ್ತುವಾಗ ಪಕ್ಕದ ಮನೆ ಅಜ್ಜಿ ಪರದೆ ಸರಿಸಿ ನೋಡ್ತಿದ್ದರು. ಸರ್ಟಿಫಿಕೇಟ್ ಹುಡುಕಿದೆ ಅಕ್ಕ. ಕೋರ್ಸ್ ಮುಗಿದಿದ್ದು ಸೆಪ್ಟೆಂಬರ್ 29 ಅಂತಿದೆ. ಬಿಲ್ ಶುರುವಾಗಿರುವುದು 11ರಿಂದ.

ರೀಡಿಂಗ್ ರೇಖಾ (8.58)
ಹಾಗಾದರೆ 18 ದಿನದ್ದು, ಜೊತೆಗೆ ಡಿಸೆಂಬರ್ ನಂತರದ 25 ಶೇಕಡಾ. ಎರಡನ್ನೂ ಇವತ್ತೇ ಕೌನ್ಸಿಲ್‌ಗೆ ಇಮೇಲ್ ಮಾಡಿ ವಾಪಸ್ ಕೇಳಿ. ರಸೀದಿ ಇಟ್ಕೊಳ್ಳಿ. ಫ್ರೆಂಡ್‌ಗೂ ಫೋನ್ ಮಾಡಿ ಅರ್ಧ ಕೇಳಿ.

ಕ್ರಾಯ್ಡನ್ ಕಾಕಾ (9.05)
ನಾನು ನಿನ್ನೆಯೇ ಹೇಳಿದ್ದೆ, ಕಟ್ಟಿಬಿಡು ಅಂತ.

ಹಾಸನ ವಕೀಲ (9.12)
ಕ್ಲ್ಯಾಂಪ್ ಹಾಕಿದವನು ಕೋರ್ಟ್ ಸರ್ಟಿಫಿಕೇಟ್ ತೋರಿಸಿದನಾ? ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು.

ದಾವಣಗೆರೆ ಹುಡುಗ (9.15)
ಕುತ್ತಿಗೆಗೆ ಏನೋ ಒಂದು ಕಾರ್ಡ್ ನೇತು ಹಾಕಿಕೊಂಡಿದ್ದ ಸರ್.

ಹಾಸನ ವಕೀಲ (9.16)
ಅಮೀನನೇ.