ಬೇಳೆ ಗಿರಣಿಯ ಛಾವಣಿ ಕೆಲಸಕ್ಕೆ ಸೊಂಟದ ಬೆಲ್ಟ್ ಸಾಕೇ?

ಪ್ರಶ್ನೆ — ಗಿರಣಿ ಮೇಲ್ವಿಚಾರಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ತೊಗರಿ ಬೇಳೆ ಗಿರಣಿಯಲ್ಲಿ ಮೇಲ್ವಿಚಾರಕನಾಗಿದ್ದೇನೆ. ಪ್ರತಿ ವರ್ಷ ಮಿರಗಾ ಮಳೆ ಹಿಡಿಯುವ ಮುನ್ನ ಛಾವಣಿಯ ಸಿಮೆಂಟ್ ಶೀಟುಗಳ ಮೇಲೆ ಕೂತ ಹೊಟ್ಟಿನ ಧೂಳನ್ನು ಗುಡಿಸುವುದು, ಒಡೆದ ಶೀಟುಗಳನ್ನು ಬದಲಿಸುವುದು ನಮ್ಮಲ್ಲಿ ರೂಢಿ. ಹೋದ ವಾರ ಈ ಕೆಲಸಕ್ಕೆ ಹತ್ತಿದ್ದ ಹುಡುಗನೊಬ್ಬ, ಬೆಳಕಿಗೆಂದು ನಡುನಡುವೆ ಹಾಕಿರುವ ಪಾರದರ್ಶಕ ಶೀಟಿನ ಮೇಲೆ ಕಾಲಿಟ್ಟ. ಶೀಟು ಮುರಿದು ಅವನು ತೊಡೆಯವರೆಗೆ ಒಳಗೆ ಇಳಿದ. ಶೀಟುಗಳನ್ನು ಹೊರುವ ಕಬ್ಬಿಣದ ಅಡ್ಡತೊಲೆ (ಪರ್ಲಿನ್) ಕೈಗೆ ಸಿಕ್ಕಿದ್ದರಿಂದ ತರಚುಗಾಯದಲ್ಲಿ ಪಾರಾದ.

ಇದಾದ ಮೇಲೆ ಮಾಲೀಕರು ಬಜಾರಿನಿಂದ ನಾಲ್ಕು ಸೊಂಟದ ಬೆಲ್ಟುಗಳನ್ನು ಹಗ್ಗದ ಸಮೇತ ತರಿಸಿದ್ದಾರೆ. ಛಾವಣಿಯ ಎತ್ತರ ಸುಮಾರು 7 ಮೀಟರ್, ಆದರೆ ಅರ್ಧ ಭಾಗದ ಕೆಳಗೆ 4 ಮೀಟರ್ ಎತ್ತರದಲ್ಲಿ ಕಾಳನ್ನು ಮೇಲೆತ್ತುವ ಎಲಿವೇಟರಿನ ಅಟ್ಟವಿದೆ. ಹಗ್ಗವನ್ನು ಎಲ್ಲಿಗೆ ಕಟ್ಟಬೇಕು, ಈ ಬೆಲ್ಟು ಸಾಕೇ ಎಂಬುದು ನನ್ನ ಪ್ರಶ್ನೆ. ನಮ್ಮ ಬಿಸಿಲಿನಲ್ಲಿ ಇದನ್ನು ಕಟ್ಟಿಕೊಳ್ಳಲು ಕೆಲಸಗಾರರು ಒಪ್ಪುತ್ತಿಲ್ಲ ಎಂಬುದನ್ನೂ ತಿಳಿಸುತ್ತೇನೆ.

ಉತ್ತರ 1 — ನಿವೃತ್ತ ಸುರಕ್ಷತಾ ಅಧಿಕಾರಿ, ಸೇಡಂ

ಮೊದಲು ಬೆಲ್ಟಿನ ವಿಷಯ. ಬಿದ್ದವನನ್ನು ತಡೆದು ನಿಲ್ಲಿಸುವ ಕೆಲಸಕ್ಕೆ ಸೊಂಟದ ಬೆಲ್ಟು ತಕ್ಕುದಲ್ಲ, ಏಕೆಂದರೆ ಬೀಳುವ ದೇಹದ ಪೂರ್ತಿ ಹೊಡೆತ ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆಯೇ ಬಂದು ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ತಲೆಕೆಳಗಾದರೆ ಮನುಷ್ಯ ಬೆಲ್ಟಿನಿಂದ ಜಾರಿಯೂ ಹೋಗಬಹುದು. ಅಮೆರಿಕದಲ್ಲಿ ಈ ಬಳಕೆಯನ್ನು 1998ರ ಜನವರಿ 1ರಿಂದಲೇ ನಿಷೇಧಿಸಿದ್ದಾರೆ. ಬೇಕಾಗಿರುವುದು ಭುಜ, ಎದೆ, ತೊಡೆಗಳಿಗೆ ಹೊಡೆತವನ್ನು ಹಂಚುವ ಪೂರ್ಣ ದೇಹದ ಹಾರ್ನೆಸ್. ಕೊಳ್ಳುವಾಗ ಅದರ ಮೇಲೆ ಐಎಸ್ 3521 ಎಂಬ ಮಾನಕದ ಗುರುತಿದೆಯೇ ಎಂದು ನೋಡಿ.

ಆದರೆ ಹಾರ್ನೆಸ್ ತಂದ ಮಾತ್ರಕ್ಕೆ ನಿಮ್ಮ ಗಿರಣಿಯ ಸಮಸ್ಯೆ ತೀರುವುದಿಲ್ಲ. ಒಂದು ಸಣ್ಣ ಲೆಕ್ಕ ಮಾಡಿ. ಹಗ್ಗದ ಉದ್ದ 1.8 ಮೀಟರ್, ಆಘಾತ ತಗ್ಗಿಸುವ ಹೊಲಿಗೆಯ ಪಟ್ಟಿ ಬಿಚ್ಚಿಕೊಂಡಾಗ ಹೆಚ್ಚುವ ಉದ್ದ 1.75 ಮೀಟರಿನವರೆಗೆ, ಬೆನ್ನಿನ ಕೊಂಡಿಯಿಂದ ಪಾದದವರೆಗೆ 1.5 ಮೀಟರ್, ಪಾದದ ಕೆಳಗೆ ಬಿಡಬೇಕಾದ ಅಂತರ 1 ಮೀಟರ್. ಎಲ್ಲ ಸೇರಿ ಹಗ್ಗ ಕಟ್ಟಿದ ಜಾಗದಿಂದ ಕೆಳಗೆ 6 ಮೀಟರಿಗೂ ಮಿಕ್ಕಿ ತೆರವು ಇರಬೇಕು. ನಿಮ್ಮ ಅಟ್ಟದಿಂದ ಛಾವಣಿಗೆ ಇರುವುದು 3 ಮೀಟರ್ ಮಾತ್ರ. ಅಲ್ಲಿ ಹಗ್ಗ ಬಿಗಿಯಾಗಿ ಹಿಡಿಯುವ ಮೊದಲೇ ಮನುಷ್ಯ ಅಟ್ಟಕ್ಕೆ ಅಪ್ಪಳಿಸಿರುತ್ತಾನೆ. ಇನ್ನು ತೆಳು ಪರ್ಲಿನ್‌ಗೆ, ಪೈಪಿಗೆ, ಎಲಿವೇಟರಿನ ತಗಡಿಗೆ ಹಗ್ಗ ಕಟ್ಟುವುದಂತೂ ಬೇಡವೇ ಬೇಡ. ಆಧಾರದ ಬಿಂದು ಎಷ್ಟು ಭಾರ ತಡೆಯುತ್ತದೆಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನೋಡಿ ಹೇಳಬೇಕು.

ಆದ್ದರಿಂದ ಶೀಟಿನ ಮೇಲೆ ಕಾಲಿಡುವ ಪ್ರಸಂಗವನ್ನೇ ತಪ್ಪಿಸಿ. ಒಡೆದ ಶೀಟನ್ನು ಕೆಳಗಿನಿಂದ, ಸುತ್ತ ಕಟಾಂಜನವಿರುವ ಗಾಲಿ ಅಟ್ಟಣಿಗೆಯ ಮೇಲೆ ನಿಂತು ಬದಲಿಸಲು ಸಾಧ್ಯವೇ ನೋಡಿ. ಮೇಲೆ ಹತ್ತಲೇಬೇಕಾದರೆ ಕನಿಷ್ಠ ಎರಡು ಪರ್ಲಿನ್‌ಗಳ ಮೇಲೆ ಕೂರುವ, ಜಾರದಂತೆ ಬಿಗಿದ ಹಲಗೆಗಳ ಮೇಲೆಯೇ ಓಡಾಡಬೇಕು. ಬೋಲ್ಟಿನ ಸಾಲು ಹಿಡಿದು ನಡೆದರೆ ಏನೂ ಆಗುವುದಿಲ್ಲ ಎಂದು ಹಳೆಯ ಮಿಸ್ತ್ರಿಗಳು ಹೇಳುತ್ತಾರೆ; ಕಾಲು ಒಂದು ಗೇಣು ಆಚೆ ಬಿದ್ದರೆ ಆ ಮಾತು ಕೆಲಸಕ್ಕೆ ಬರುವುದಿಲ್ಲ. ಬಿಸಿಲಿಗೆ ಒಣಗಿ ಹಳತಾದ ಸಿಮೆಂಟ್ ಶೀಟು ಹಪ್ಪಳದಂತೆ ಮುರಿಯುತ್ತದೆ. ನಿಮ್ಮಲ್ಲಿ ಧೂಳು ಮುಚ್ಚಿರುವುದರಿಂದ ಪಾರದರ್ಶಕ ಶೀಟು ಯಾವುದು, ಸಿಮೆಂಟ್ ಶೀಟು ಯಾವುದು ಎಂದು ಮೇಲಿನಿಂದ ಗೊತ್ತಾಗುವುದೂ ಇಲ್ಲ. ಆ ಹುಡುಗ ಕಾಲಿಟ್ಟದ್ದು ಹಾಗೆಯೇ ಇರಬೇಕು.

ಒಂದು ಮಾತು ಕೇಳಬೇಕು: ಅಷ್ಟೊಂದು ಧೂಳು ಛಾವಣಿಗೆ ಬರುತ್ತಿರುವುದು ಎಲ್ಲಿಂದ? ಗಾಳಿಯಿಂದ ಧೂಳನ್ನು ಬೇರ್ಪಡಿಸುವ ಸೈಕ್ಲೋನ್ ಯಂತ್ರದ ಬಾಯಿ ಛಾವಣಿಯ ಮೇಲೆ ತೆರೆದಿದ್ದರೆ ಅದನ್ನು ಸರಿಪಡಿಸಿ. ಧೂಳು ನಿಂತರೆ ಗುಡಿಸಲು ಹತ್ತುವ ಕೆಲಸವೂ ಬಹುಮಟ್ಟಿಗೆ ನಿಲ್ಲುತ್ತದೆ.

ಉತ್ತರ 2 — ಫ್ಯಾಬ್ರಿಕೇಶನ್ ಗುತ್ತಿಗೆದಾರ, ಯಾದಗಿರಿ

ಹಿರಿಯರು ಹೇಳಿದ್ದಕ್ಕೆ ನನ್ನ ಸಮ್ಮತಿಯಿದೆ. ಬಿಸಿಲಿನ ಬಗ್ಗೆ ಮಾತ್ರ ಸೇರಿಸುತ್ತೇನೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ಮಧ್ಯಾಹ್ನ ಕಾದ ಛಾವಣಿಯ ಮೇಲೆ ನಿಂತವನಿಗೆ ತಲೆ ತಿರುಗುವುದು ಸಹಜ. ಅದೇ ಬೀಳಲು ಒಂದು ಕಾರಣವಾಗುತ್ತದೆ. ನಮ್ಮ ಹುಡುಗರು ಬೆಳಿಗ್ಗೆ 6ಕ್ಕೆ ಹತ್ತಿ 10ಕ್ಕೆ ಇಳಿಯುತ್ತಾರೆ, ಗಾಳಿ ಎದ್ದ ದಿನ ಹತ್ತುವುದೇ ಇಲ್ಲ. ಶೀಟಿಗೆ ಇಷ್ಟು ಎಂದು ಕೂಲಿ ಮಾತಾಡಿದರೆ ಹಲಗೆ ಸರಿಸುವ ವೇಳೆಯೂ ಅವರಿಗೆ ನಷ್ಟವಾಗಿ ಕಾಣುತ್ತದೆ, ಆದ್ದರಿಂದ ದಿನಗೂಲಿ ಕೊಡಿ. ಕೆಲಸ ಗುತ್ತಿಗೆಗೆ ಕೊಟ್ಟಾಯಿತು, ಇನ್ನು ಹೊಣೆ ನಮ್ಮದಲ್ಲ ಎಂದು ನಿಮ್ಮ ಮಾಲೀಕರು ಭಾವಿಸುವುದು ಬೇಡ. ಎತ್ತರದಲ್ಲಿ ಕೆಲಸ ಮಾಡುವವನು ಬೀಳದಂತೆ ಬೇಲಿಯನ್ನೋ ಬೇರೆ ಏರ್ಪಾಟನ್ನೋ ಮಾಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 32ನೆಯ ಕಲಮು ಎಂದೋ ಹೇಳಿತ್ತು (2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ).

ಉತ್ತರ 3 — ನಿರ್ವಹಣಾ ವಿಭಾಗದ ಎಂಜಿನಿಯರ್, ಬೀದರ್

ಹಾರ್ನೆಸ್ ತೊಟ್ಟವನು ಬಿದ್ದು ನೇತಾಡಿದರೆ ಅವನನ್ನು ಇಳಿಸುವವರು ಯಾರು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ತೀರ್ಮಾನಿಸಿರಬೇಕು. ಅಲುಗಾಡದೆ ನೇತಾಡುವವನ ರಕ್ತ ಕಾಲಿನಲ್ಲಿ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಅಗ್ನಿಶಾಮಕ ವಾಹನ ಬರುವವರೆಗೆ ಕಾಯುವಂತಿಲ್ಲ. ಏಣಿ ಮತ್ತು ಇಬ್ಬರು ಆಳುಗಳು ಸ್ಥಳದಲ್ಲಿಯೇ ಸಿದ್ಧವಾಗಿರಬೇಕು, ಒಬ್ಬನನ್ನೇ ಮೇಲೆ ಕಳಿಸಬಾರದು. ಕೆಳಗಿನ ಎಲಿವೇಟರ್ ಗುಂಡಿಯ ಮುಚ್ಚಳವನ್ನೂ ಒಮ್ಮೆ ನೋಡಿಬಿಡಿ. ಛಾವಣಿಯ ಚಿಂತೆಯಲ್ಲಿ ಅದು ಮರೆತುಹೋಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಸರ್, ನೀವು ಊಹಿಸಿದ್ದು ನಿಜ: ಸೈಕ್ಲೋನಿನ ಪೈಪು ಛಾವಣಿಯ ಮೇಲೆಯೇ ತೆರೆದಿದೆ. ಲೆಕ್ಕವನ್ನು ಮಾಲೀಕರಿಗೆ ತೋರಿಸಿದೆ. ಬೆಲ್ಟುಗಳನ್ನು ಅಂಗಡಿಗೆ ಮರಳಿಸಿ ಗಾಲಿ ಅಟ್ಟಣಿಗೆಯನ್ನು ಬಾಡಿಗೆಗೆ ತರಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಛಾವಣಿಯ ಏಣಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಬಳಿ ಇಟ್ಟುಕೊಂಡಿದ್ದೇನೆ. ಗುಂಡಿಯ ಮುಚ್ಚಳ ಮುರಿದಿತ್ತು, ಇವತ್ತು ವೆಲ್ಡಿಂಗಿಗೆ ಕಳಿಸಿದೆ.